ಒಳಗೆ ಯಾರೂ ಇಲ್ಲ

ಹಳೇ ಬಾವಿ ದಾಟುವಾಗ ಚೀಲದೊಳಗೆ ಏನೋ ಕುಟ್ಟಿತು. ಡಬ್... ಡಬ್... ನಡೆದರೆ ಕುಟ್ಟುತ್ತದೆ, ನಿಂತರೆ ಸುಮ್ಮನಾಗುತ್ತದೆ.

ನನ್ನ ಚಿಕ್ಕಪ್ಪನ ಮಗಳು ಸುಲಭಕ್ಕೆ ಹೆದರುವ ಪೈಕಿಯಲ್ಲ. ಲಿಫ್ಟ್ ರಿಪೇರಿ ಅವಳ ಕಸುಬು. ಕತ್ತಲ ಗುಂಡಿಗಳಲ್ಲೇ ಅರ್ಧ ಆಯುಷ್ಯ ಕಳೆದವಳು. ಚಪ್ಪಡಿ ಮುಚ್ಚಿದ ಆ ಬಾವಿಯ ಕಟ್ಟೆ ಮೇಲೆ ಚೀಲವಿಟ್ಟು ಕೈಹಾಕಿದಳು. ಇಟ್ಟಿಗೆಯಷ್ಟು ಭಾರದ ಬ್ಯಾಟರಿ.

"ಅಯ್ಯೋ, ನನ್ನ ತಲೆಗಿಷ್ಟು..."

ಆ ದಿನವೆಲ್ಲ ಹತ್ತಿರದ ಕಚೇರಿ ಕಟ್ಟಡದಲ್ಲಿ ಲಿಫ್ಟಿನ ತುರ್ತು ಅಲಾರಂ ಬದಲಾಯಿಸಿದ್ದಳು. ಒಳಗೆ ಸಿಕ್ಕಿಕೊಂಡವರು ಗುಂಡಿ ಒತ್ತಿದರೆ ದೂರದ ಸಹಾಯ ಕೇಂದ್ರದಲ್ಲಿ ಫೋನ್ ಹೊಡೆಯಬೇಕು. ಹಳೇ ತಾಮ್ರದ ತಂತಿ ತನ್ನ ಕರೆಂಟನ್ನು ತಾನೇ ಹೊತ್ತು ತರುತ್ತಿತ್ತು. ಊರೆಲ್ಲ ಕತ್ತಲಾದರೂ ಮಾತಾಡುತ್ತಿತ್ತು. ಈಗ ಫೋನ್ ಲೈನೆಲ್ಲ ಡಿಜಿಟಲ್. ಹೊಸ ಅಲಾರಂ ಪೆಟ್ಟಿಗೆಗೆ ಬ್ಯಾಟರಿ ಕೂರಿಸದಿದ್ದರೆ, ಕರೆಂಟ್ ಹೋದ ಕ್ಷಣವೇ ಅದೂ ಹೆಣ. ಕೂರಿಸಬೇಕಾದ ಬ್ಯಾಟರಿ ಮನೆ ಕಡೆ ಹೊರಟಿತ್ತು.

ಮುಂದಿನ ಗೇಟಿನ ಕಾವಲುಗಾರ ಮಧ್ಯಾಹ್ನವೇ ಗೊಣಗಿದ್ದ. "ನೀವು ಹಳೇ ಲೈನ್ ಕತ್ತರಿಸಿದ್ರಿ, ನನ್ನ ಕೋಣೆ ಫೋನೂ ಸತ್ತುಹೋಯ್ತಲ್ಲಮ್ಮ!"

"ತಂತಿ ಗಟ್ಟಿಯಾಗಿದೆ ಮಾವ, ಬಟ್ಟೆ ಒಣಗಿಸೋಕಾದ್ರೂ ಇಟ್ಕೊಳ್ಳಿ," ಎಂದಿದ್ದಳು.

ಮಾರನೇ ದಿನದಿಂದ ಎರಡು ದಿನ ಕಚೇರಿಗೆ ರಜೆ. ಆದರೂ ಬ್ಯಾಟರಿ ಕೂರಿಸದೆ ಬಿಡಲು ಅವಳ ಮನಸ್ಸು ಒಪ್ಪಲಿಲ್ಲ. ಹಿಂಬಾಗಿಲ ಕೀಲಿ ಇನ್ನೂ ಅವಳ ಹತ್ತಿರವೇ ಇತ್ತು. ತಿರುಗಿ ಬಂದು, ಯಾರಿಗೂ ಹೇಳದೆ ಒಳಗೆ ಹೋದಳು. ಪೆಟ್ಟಿಗೆಯಿದ್ದದ್ದು ತುತ್ತತುದಿಯ ಮಹಡಿಯಲ್ಲಿ. ಕಾಲು ಸೋತಿತ್ತು. ಲಿಫ್ಟ್ ಹತ್ತಿದಳು.

ನಾಲ್ಕರ ಆಚೆ, ಐದರ ಈಚೆ... ಟಕ್. ಕರೆಂಟ್ ಹೋಯಿತು.

ಬಾಗಿಲು ಸರಿಸಿದರೆ ಎದುರಿಗೆ ಸಿಮೆಂಟಿನ ಗೋಡೆ. ಮೊಬೈಲಿಗೆ ಸಿಗ್ನಲ್ ಇಲ್ಲ. ಚಾವಣಿಯ ಪುಟ್ಟ ದೀಪ ಹಳದಿಯಾಗಿ, ಕೆಂಪಾಗಿ, ಆರಿತು. ಬ್ಯಾಟರಿ ಕೂಸಿನ ಹಾಗೆ ಮಡಿಲಲ್ಲಿ. ಅದು ಕೂರಬೇಕಾದ ಪೆಟ್ಟಿಗೆ ನೆತ್ತಿಯ ಮೇಲೆಲ್ಲೋ. ಮೊದಲು ನಗು ಬಂತು. ಆಮೇಲೆ ಬರಲಿಲ್ಲ. ಕೂಗಿದಳು. ಗೋಡೆ ಗುದ್ದಿದಳು. ಕಾವಲುಗಾರನ ಕೋಣೆ ಅಂಗಳದ ಆಚೆ ತುದಿಗೆ. ಎರಡು ದಿನ... ಗುಟುಕು ನೀರಿಲ್ಲ. ಅವಳು ಇಲ್ಲಿದ್ದಾಳೆಂದು ಒಂದು ನರಪಿಳ್ಳೆಗೂ ಗೊತ್ತಿಲ್ಲ.

ಉಪಯೋಗವಿಲ್ಲ ಅಂತ ಗೊತ್ತಿದ್ದೂ ಅಲಾರಂ ಗುಂಡಿ ಒತ್ತಿ ಹಿಡಿದಳು.

ಟಿಕ್.

ಗುಂಯ್ಯ್... ತಾಮ್ರದ ತಂತಿಯ ಗುಂಯ್. ಹೊಸ ಲೈನಿನಲ್ಲಿ ಆ ಸದ್ದೇ ಇಲ್ಲ.

ಗಾಬರಿಗೆ ನಾಲಿಗೆ ಅಭ್ಯಾಸದ ಮಾತನ್ನೇ ಆಡಿಬಿಟ್ಟಿತು. ಅಲಾರಂ ಜೋಡಿಸಿದಾಗಲೆಲ್ಲ ಅವಳು ಕೇಂದ್ರಕ್ಕೆ ಹೇಳುತ್ತಿದ್ದ ಮಾತು: "ಪರೀಕ್ಷೆ ಮಾತ್ರ. ಒಳಗೆ ಯಾರೂ ಇಲ್ಲ." ಇಷ್ಟು ಕೇಳಿದರೆ ಅಲ್ಲಿನವರು ಫೋನ್ ಇಡುತ್ತಾರೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು.

ಇಡಲಿಲ್ಲ. ಉಸಿರಾಟ ಕೇಳಿಸಿತು... ಆಮೇಲೆ ಹೆಂಗಸಿನ ದನಿ.

"ಒಳಗೆ ಯಾರೂ ಇಲ್ವಾ? ಹಾಗಾದ್ರೆ ಮಾತಾಡ್ತಿರೋದು ಯಾರು, ದೆವ್ವಾನಾ?"

ಕೇಂದ್ರದ ಅಕ್ಕ. ವರ್ಷಗಟ್ಟಲೆ, ಪ್ರತಿ ಪರೀಕ್ಷೆಗೂ ಅದೇ ತಮಾಷೆ, ನೆಗಡಿಯಾದಂಥ ಅದೇ ದನಿ. ಅವರ ಮುಖವನ್ನು ಇವಳು ನೋಡಿದ್ದು ಒಂದೇ ಸಲ, ಹೋದ ಚಳಿಗಾಲದಲ್ಲಿ... ಮೇಲೆ ಹೊದಿಸಿದ್ದ ಬಿಳಿ ಬಟ್ಟೆ ಸರಿಸಿದಾಗ.

"ಅಕ್ಕಾ..."

"ಹೂಂ. ಒಳಗೆ ಯಾರಿದ್ದಾರೆ, ಹೇಳು."

"...ನಾನು."

"ಒಬ್ಳೇನಾ?"

ಆ ಪ್ರಶ್ನೆಗೆ ಇವಳು ಕತ್ತಲಲ್ಲಿ ನಾಲ್ಕೂ ಮೂಲೆಗೆ ಕೈಯಾಡಿಸಿ ನೋಡಿದಳಂತೆ. "ಒಬ್ಳೇ."

"ಸರಿ. ಗುಂಡಿಯಿಂದ ಬೆರಳು ತೆಗೀಬೇಡ. ತೆಗೆದ್ರೆ ನಾನು ಹೋಗ್ಬಿಡ್ತೀನಿ."

ತೆಗೆಯಲಿಲ್ಲ. ಬೆರಳು ಮರಗಟ್ಟಿತು, ಮೊಣಕೈ ಸೇದಿತು. ಗುಂಯ್ಯ್... ಅದರೊಳಗೆ ಅಕ್ಕನ ಉಸಿರು. ಇರಲಿ ಅನ್ನಲೂ ಭಯ, ಹೋಗಲಿ ಅನ್ನಲೂ ಭಯ.

ಎಷ್ಟು ಹೊತ್ತೋ. ಕೊನೆಗೆ ಮೇಲೆ, ಲಿಫ್ಟಿನ ಗಾಲಿಯನ್ನು ಕೈಯಲ್ಲಿ ತಿರುಗಿಸುವ ಸದ್ದು. ಕಿರ್ರ್... ಕಿರ್ರ್... ಲಿಫ್ಟ್ ಗೇಣು ಗೇಣಾಗಿ ಏರಿ ಐದಕ್ಕೆ ಬಂದು ನಿಂತಿತು. ಆಮೇಲೆ ಮೆಟ್ಟಿಲ ಮೇಲೆ ಚಪ್ಪಲಿ, ಏದುಸಿರು, ಟಾರ್ಚು. ಕಾವಲುಗಾರ.

"ನೀವಾ! ಆಗ್ಲೇ ಹಿಂದಿನಿಂದ ಹೋದ್ರಿ ಅಂದ್ಕೊಂಡಿದ್ನಲ್ಲ!"

"ನಾನಿಲ್ಲಿದ್ದೀನಂತ ಯಾರು ಹೇಳಿದ್ರು, ಮಾವ?"

"ಯಾರೋ ಹೆಂಗಸು. ನೆಗಡಿ ಪಾಪ. ಲಿಫ್ಟಲ್ಲಿ ಒಬ್ಳಿದ್ದಾಳೆ, ಹೋಗಿ ತೆಗೀರಿ ಅಂದ್ರು. ಕೋಣೆ ಫೋನಿಗೇ ಬಂತು ನೋಡಿ. ಸತ್ತಿದೆ ಅಂತ ನಾನೇ ಸುಮ್ನೆ ಗೊಣಗಿದ್ದೆ!"

ಅವಳು ಹಿಂಬಾಗಿಲ ಕಡೆಯ ಬಾವಿಯ ದಾರಿ ಬೇಡವೆಂದು ಅವನ ಹಿಂದೆಯೇ ಮುಂದಿನ ಗೇಟಿಗೆ ನಡೆದಳು. ಗೇಟಿನ ಚಿಲಕ ಮುರಿದಿದ್ದರಿಂದ ಸಂಜೆಯೇ ಅವನು ಅದಕ್ಕೆ ಕೈಗೆ ಸಿಕ್ಕ ತಂತಿ ಸುತ್ತಿ ಬಿಗಿದಿದ್ದ. ಮೂರು ಗಂಟು. ಟಾರ್ಚನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಒಂದನ್ನು ಬಿಚ್ಚಿದ. ಎರಡನೆಯದಕ್ಕೆ ಅವನ ಕೈ ನಿಂತಿತು.

ಅದು ಅವನ ಫೋನಿನ ತಂತಿ. ಗೋಡೆಗೆ ಸಿಕ್ಕಿಸುವ ತುದಿ, ಫೋನಿಗೆ ಸಿಕ್ಕಿಸುವ ತುದಿ, ಎರಡೂ ಗಾಳಿಗೆ ನೇತಾಡುತ್ತಿದ್ದವು.

ಉಳಿದ ಗಂಟು ಅವನು ಬಿಚ್ಚಲಿಲ್ಲ. ಅವಳು ಗೇಟು ಹತ್ತಿ ಆಚೆ ಹಾರಿದಳು.

ಕತೆ ಕಟ್ಟುವುದು ನನ್ನ ಚಾಳಿ, ಅವಳದಲ್ಲ. ಇದು ನಡೆದದ್ದೇ. ನಾನೇ ಹೋಗಿ ನೋಡಿ ಬಂದಿದ್ದೇನೆ... ಆ ಎರಡು ಗಂಟು ಇನ್ನೂ ಹಾಗೇ ಇವೆ.