ಪೊಟ್ಟಣದ ಮೇಲಿನ ಲಸ್ತ್ರಿ

ಮಲಾಂಗ್ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಚೀಟಿ ಹಿಡಿದು ಕೂತಿದ್ದೆ. ಹಿಂದಿನ ಬೆಂಚಿನಲ್ಲಿ ಅತ್ತಿಗೆ ನಾದಿನಿ ಮಾತಾಡುತ್ತಿದ್ದರು. ಅತ್ತಿಗೆಯ ಹೆಸರು ತುಮಿನಾ. ಸೋಯಾಕಾಳು ಹುದುಗಿಸಿ ಮಾಡಿದ ಟೆಂಪೆ ಗಟ್ಟಿಯನ್ನು ತೆಳ್ಳಗೆ ಹೆಚ್ಚಿ, ಕರಿದು ಮಾರುವವಳೆಂದು ಮಾತಿನಲ್ಲೇ ಗೊತ್ತಾಯಿತು.

“ಆ ಲಸ್ತ್ರಿ ಇದಾಳಲ್ಲ, ಅವಳ ಅಂಗಡಿ ಮುಂದೆ ಇವತ್ತೂ ಸಾಲು ನಿಂತಿತ್ತು ಕಣೇ.”

“ಟೆಂಪೆಗೆ ಸುಟ್ಟ ಜೋಳದ ರುಚಿ ಹಾಕಿದಾಳಲ್ಲ ಅತ್ತಿಗೆ. ಬಸ್ಸಲ್ಲಿ ತಿನ್ನೋಕೆ ಅಂತ ಪುಟ್ಟ ಪೊಟ್ಟಣ ಬೇರೆ.”

“ಅವಳಿಗೆ ಕರಿಯೋದು ಕಲಿಸಿದ್ದು ನಾನು. ಪೊಟ್ಟಣದ ಮೇಲೆ ಅವಳ ಮುಖ!”

“ನೀವೂ ಹಾಕಿಸಿ.”

“ಈ ಮುಖ ನೋಡಿ ಯಾರು ಕೊಳ್ತಾರೆ?”

ನಾದಿನಿ ನಕ್ಕಳು. “ಅವಳದ್ದು ತಿಂದು ನೋಡಿದೀರಾ?”

“ವಾರವಾರ ತರಿಸ್ತೀನಿ, ಪಕ್ಕದ ಮನೆಯವಳ ಕೈಲಿ.”

“ಹೇಗಿದೆ?”

“ಚೆನ್ನಾಗಿದೆ. ಅದಕ್ಕೇ ಹೊಟ್ಟೆ ಉರಿಯೋದು.”

ತುಮಿನಾ ದನಿ ತಗ್ಗಿಸಿದಳು.

“ಶನಿವಾರ ಅವಳು ಪೊಟ್ಟಣ ಮಾಡೋದು, ಫೋನಲ್ಲಿ ಮಾರೋದು ಹೇಳ್ಕೊಡ್ತಾಳಂತೆ. ಹೆಸರು ಬರೆಸಿ ಬಂದೆ.”

“ಒಳ್ಳೇದಾಯ್ತು!”

“ನಿನ್ನ ಹೆಸರು. ನೀನು ಕಲಿತು ಬಂದು ನಂಗೆ ಹೇಳು.”

“ಅಯ್ಯೋ ಅತ್ತಿಗೆ! ನಿನ್ನೆ ಲಸ್ತ್ರಿ ಸಿಕ್ಕಿದ್ಲು. ‘ನಿಮ್ಮತ್ತಿಗೇನ ಕರ್ಕೊಂಡು ಬಾ, ಮುಂದಿನ ಸಾಲಲ್ಲಿ ಕೂರಿಸ್ತೀನಿ. ನನ್ನ ಗುರು ಇವರೇ ಅಂತ ಎಲ್ಲರಿಗೂ ಹೇಳ್ಬೇಕು’ ಅಂದ್ಲು.”

ತುಮಿನಾ ಉಸಿರು ಬಿಟ್ಟಳು. “ನೋಡಿದ್ಯಾ? ಒಳ್ಳೆಯವಳು ಅನ್ನಿಸ್ಕೊಳ್ಳೋದರಲ್ಲೂ ಅವಳೇ ಮುಂದು!”

ಅಷ್ಟರಲ್ಲಿ ಅವಳ ನಂಬರು ಕೂಗಿದರು. ಎದ್ದು ತಲೆವಸ್ತ್ರ ಸರಿಮಾಡಿಕೊಂಡು ನಾಲ್ಕು ಹೆಜ್ಜೆ ಹೋದವಳು ತಿರುಗಿದಳು.

“ಸಂಜೆ ಹೋಗಿ ನಿನ್ನ ಹೆಸರು ತೆಗೆಸಿ, ನಂದು ಬರೆಸು.”