ಹಲಗೆ ಚಂದ್ರನ ಹಿಂಬದಿ

ಬಾವಿಯ ಹತ್ತಿರ ಬಂದಾಗ ಅವನಿಗೆ ರಾಟೆಯ ಸದ್ದು ಕೇಳಿಸಿತು.

ಕಿರ್‍ರ್... ಕಿಟ್. ಕಿರ್‍ರ್... ಕಿಟ್.

ನಾನು ಹೇಳುತ್ತಿರುವುದು ನನ್ನ ಚಿಕ್ಕಮ್ಮನ ಮಗನ ವಿಷಯ. ನಮ್ಮ ಪಕ್ಕದ ಕಟ್ಟಡದಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದವನು. ಆ ರಾತ್ರಿ ಒಂದು ಮದುವೆಯ ಕೆಲಸ ಮುಗಿಸಿ, ಕ್ಯಾಮೆರಾ ಕೊರಳಿಗೆ ಹಾಕಿಕೊಂಡು, ಸ್ಟ್ಯಾಂಡನ್ನು ಹೆಗಲ ಮೇಲಿಟ್ಟುಕೊಂಡು ನಡೆದು ಬರುತ್ತಿದ್ದ. ಹುಣ್ಣಿಮೆ ಕಳೆದಿತ್ತು. ಚಂದ್ರ ತಡವಾಗಿ ಹುಟ್ಟಿ, ಒಂದು ಬದಿ ಸವೆದವನಂತೆ ಮನೆಗಳ ಮೇಲೆ ನಿಂತಿದ್ದ.

ಆ ಬಾವಿಯನ್ನು ಯಾರೂ ಬಳಸುತ್ತಿರಲಿಲ್ಲ. ಬಾಯಿಗೆ ಕಬ್ಬಿಣದ ಜಾಲರಿ ಹಾಕಿ ವರ್ಷಗಳಾಗಿದ್ದವು. ಇಷ್ಟು ಹೊತ್ತಿನಲ್ಲಿ ನೀರು ಸೇದುವವರು ಯಾರು? ಅವನು ನಿಂತ. ತಲೆಯೆತ್ತಿ ಬಾವಿಯ ತೊಲೆಯನ್ನು ನೋಡಿದ.

ತೊಲೆಯಲ್ಲಿ ರಾಟೆ ಇರಲಿಲ್ಲ.

ಇರುವುದೂ ಸಾಧ್ಯವಿರಲಿಲ್ಲ... ಅದನ್ನು ಬಿಚ್ಚಿಕೊಂಡು ಹೋದವನು ಅವನೇ. ಆ ರಾಟೆ ಈಗ ಅವನ ಸ್ಟುಡಿಯೋದ ಮಾಡಿನಲ್ಲಿತ್ತು. ಅದರಿಂದ ಅವನು ಚಂದ್ರನನ್ನು ತೂಗುಹಾಕಿದ್ದ.

ಚಂದ್ರನೆಂದರೆ ಹಲಗೆಯ ಚಂದ್ರ. ಸಿನಿಮಾದಲ್ಲಿ ನಾಯಕಿಯರು ಬಿದಿಗೆ ಚಂದ್ರನ ಮೇಲೆ ಕುಳಿತು ಹಾಡುತ್ತಿದ್ದ ಕಾಲ ಅದು. ಜನ ತಮ್ಮ ಮಕ್ಕಳನ್ನೂ ಹಾಗೆ ಕೂರಿಸಿ ಫೋಟೋ ತೆಗೆಸಬೇಕೆನ್ನುತ್ತಿದ್ದರು. ಇವನು ಬಡಗಿಯಿಂದ ಹಲಗೆ ಕೊಯ್ಯಿಸಿ, ಬೋರ್ಡು ಬರೆಯುವವನಿಂದ ಬೆಳ್ಳಿಬಣ್ಣ ಹೊಡೆಸಿ, ಕಣ್ಣು, ಮೂಗು, ನಗುವ ಬಾಯಿ ಬರೆಸಿದ. ಬೋರ್ಡಿನವನು ಶಾಲೆಯಲ್ಲಿ ಬಹಳ ಪೆಟ್ಟು ತಿಂದಿದ್ದವನು. ಮೂಗನ್ನು ನಮ್ಮ ಹೆಡ್‌ಮಾಸ್ಟರರ ಮೂಗಿನಂತೆಯೇ ಬರೆದುಬಿಟ್ಟ. ಹೆಡ್‌ಮಾಸ್ಟರರೊಬ್ಬರನ್ನು ಬಿಟ್ಟು ಎಲ್ಲರಿಗೂ ಅದು ತಿಳಿದಿತ್ತು. ಅವರು ತಮ್ಮ ಮೊಮ್ಮಗನನ್ನು ಅದರ ಮೇಲೆ ಕೂರಿಸಿ, ಚಿತ್ರ ಬಹಳ ಸಹಜವಾಗಿದೆ ಎಂದು ಹೊಗಳಿ ಹೋದರು.

ಆದರೆ ಎಳೆಯ ಮಕ್ಕಳು ತಾವಾಗಿ ಕೂರುವುದಿಲ್ಲ. ಯಾರಾದರೂ ಹಿಡಿಯಬೇಕು, ಹಿಡಿದವರು ಕಾಣಬಾರದು. ಅದಕ್ಕಾಗಿ ಚಂದ್ರನ ಬಾಗಿನಲ್ಲಿ ಎರಡು ಸೀಳು ಕೊಯ್ಯಿಸಿದ್ದ. ಹಿಂದೆ ಕಪ್ಪು ಪರದೆ. ಪರದೆಗೂ ಚಂದ್ರನಿಗೂ ನಡುವೆ, ತಲೆಯ ಮೇಲಿಂದ ಕಪ್ಪು ಬಟ್ಟೆ ಹೊದ್ದು ನಿಲ್ಲುತ್ತಿದ್ದವಳು ಅವನ ಹೆಂಡತಿ. ಸೀಳುಗಳಲ್ಲಿ ಕೈ ತೂರಿಸಿ ಮಗುವಿನ ಸೊಂಟ ಹಿಡಿಯುತ್ತಿದ್ದಳು. ಅಂಗಿಯ ನೆರಿಗೆಯಲ್ಲಿ ಅವಳ ಬೆರಳು ಮರೆಯಾಗುತ್ತಿದ್ದವು. ಹೆತ್ತ ತಾಯಂದಿರಿಗೆ ಆ ಕೆಲಸ ಆಗುತ್ತಿರಲಿಲ್ಲ. ಮಗು ಹೇಗೆ ಕಾಣುತ್ತಿದೆಯೆಂದು ಇಣುಕಿ ನೋಡಿ ಫೋಟೋ ಕೆಡಿಸುತ್ತಿದ್ದರು. ಇವಳು ಇಣುಕುತ್ತಿರಲಿಲ್ಲ.

ಮಗು ಅತ್ತರೆ, ಬಟ್ಟೆಯೊಳಗಿನಿಂದಲೇ ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಬಿಡುತ್ತಿದ್ದಳು. ಟೊಕ್... ಟೊಕ್... ಖಾಲಿ ಪೆಟ್ಟಿಗೆಯನ್ನು ಬೆರಳಿನ ಗೆಣ್ಣಿನಿಂದ ತಟ್ಟಿದಂತಹ ಸದ್ದು. ಅದು ಎಲ್ಲಿಂದ ಬಂತೆಂದು ಮಗು ಬೆರಗಾಗಿ ಅಳು ನಿಲ್ಲಿಸುತ್ತಿತ್ತು. ಆ ಬೆರಗೇ ಫೋಟೋದಲ್ಲಿ ಉಳಿಯುತ್ತಿತ್ತು.

ಊರಿನ ಅರ್ಧದಷ್ಟು ಮಕ್ಕಳ ಫೋಟೋಗಳಲ್ಲಿ ಅವಳಿದ್ದಾಳೆ. ಒಂದರಲ್ಲಿಯೂ ಕಾಣುವುದಿಲ್ಲ.

ಅವಳದೇ ಎನ್ನುವ ಒಂದೂ ಫೋಟೋ ಇರಲಿಲ್ಲ. ಮದುವೆಯ ದಿನ ಕ್ಯಾಮೆರಾ ಇದ್ದದ್ದು ಮದುಮಗನ ಕೊರಳಲ್ಲಿ. ಆಮೇಲೆ ಪ್ರತಿ ಸಲವೂ ಅವನು ಹೇಳುತ್ತಿದ್ದ:

"ಈ ರೋಲಿನ ಕೊನೇದು ನಿಂದು ಕಣೇ."

"ಅಗೋ, ಬಾಗಿಲಲ್ಲಿ ಯಾರೋ ನಿಂತಿದಾರೆ ನೋಡ್ರೀ. ಅವರದು ತೆಗೀರಿ ಮೊದಲು. ನನ್ನ ಮುಖ ಎಲ್ಲಿಗೂ ಓಡಿಹೋಗಲ್ಲ."

ಒಂದು ಜ್ವರ ಅವಳನ್ನು ಕರೆದುಕೊಂಡು ಹೋಯಿತು. ಅವರ ಹೆಣ್ಣುಮಗು ಆಗಷ್ಟೇ ಮಾತು ಕಲಿತಿತ್ತು. ಈಗಲಾದರೂ ಒಂದು ಫೋಟೋ ತೆಗೆದಿಟ್ಟುಕೋ ಎಂದು ಬಂದವರೆಲ್ಲ ಹೇಳಿದರು. ಅವನು ಕ್ಯಾಮೆರಾ ಎತ್ತಿದ. ಇಳಿಸಿದ.

"ಇದು ಅವಳ ಮುಖ ಅಲ್ಲ ಅಕ್ಕಾ," ಎಂದ ನನಗೆ.

ಮಗಳನ್ನು ನಾವು ಗುಬ್ಬಿ ಎಂದು ಕರೆಯುತ್ತಿದ್ದೆವು. ವರ್ಷ ಕಳೆಯುವುದರೊಳಗೆ ಅದು ತಾಯಿಯ ಮುಖವನ್ನು ಮರೆಯತೊಡಗಿತು.

"ಅಪ್ಪಾ, ಅಮ್ಮನ ಮೂಗು ಹೇಗಿತ್ತು?"

"ಚೆನ್ನಾಗಿತ್ತು ಕಂದಾ."

"ನಮ್ಮ ಚಂದ್ರಂದು ಇದೆಯಲ್ಲ, ಆ ಥರಾನಾ?"

"ಛೇ ಛೇ! ಅದು ಹೆಡ್‌ಮಾಸ್ಟರ್ ಮೂಗು."

"ಹಾಗಾದ್ರೆ ಯಾವ ಥರ?"

ಸಾವಿರ ಮುಖಗಳಿಗೆ ಬೆಳಕು ಹೊಂದಿಸಿದವನಿಗೆ ಆ ಒಂದು ಮುಖವನ್ನು ಮಾತಿನಲ್ಲಿ ಹೇಳಲು ಬರಲಿಲ್ಲ.

ಒಂದು ದಿನ ಗುಬ್ಬಿಯ ದಿಂಬಿನ ಕೆಳಗೆ ನನಗೆ ಒಂದು ಫೋಟೋ ಸಿಕ್ಕಿತು. ಅಂಗಡಿಯ ಗಾಜಿನ ಕಪಾಟಿನಲ್ಲಿ ನೋಡುವವರಿಗಾಗಿ ಇಟ್ಟಿದ್ದ, ಯಾರೋ ಮದುಮಗಳ ಫೋಟೋ.

"ಇದು ಯಾರೇ?"

"ಅಮ್ಮ."

"ಅಲ್ಲ ಗುಬ್ಬಿ. ಇವರು ಯಾರೋ ಬೇರೆಯವರು."

"ಹಾಗಾದ್ರೆ ನಮ್ಮಮ್ಮಂದು ಕೊಡಿ ಅತ್ತೇ."

ಕೊಡಲು ನನ್ನ ಬಳಿ ಏನಿತ್ತು? ಅವನು ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡ. ಆ ಫೋಟೋವನ್ನು ಕಸಿದುಕೊಳ್ಳುವ ಧೈರ್ಯ ಅವನಿಗೂ ಬರಲಿಲ್ಲ. ಹೀಗೆಯೇ ಬಿಟ್ಟರೆ ಯಾರದೋ ಮುಖ ಅವಳ ಮುಖವಾಗಿ ಉಳಿದುಬಿಡುತ್ತದೆ ಎಂಬುದು ಮಾತ್ರ ಇಬ್ಬರಿಗೂ ತಿಳಿದಿತ್ತು.

ಅದೇ ದಿನಗಳಲ್ಲಿ ಒಂದು ಸಂಜೆ, ಮೆಟ್ಟಿಲ ಮೇಲೆ ಕುಳಿತು ಗುಬ್ಬಿಗೆ ಆಕಾಶದ ಚಂದ್ರನ ವಿಷಯ ಹೇಳುತ್ತಿದ್ದೆ. ಅವನು ನಮಗೆ ಒಂದೇ ಮುಖ ತೋರಿಸುತ್ತಾನೆ. ನಮ್ಮನ್ನು ಒಂದು ಸುತ್ತು ಸುತ್ತುವಷ್ಟರಲ್ಲಿ ತಾನೂ ಒಮ್ಮೆ ತಿರುಗುವುದರಿಂದ ಅವನ ಹಿಂಬದಿ ನೆಲದ ಮೇಲಿರುವವರಿಗೆ ಎಂದಿಗೂ ಕಾಣುವುದಿಲ್ಲ. ಯಂತ್ರಗಳನ್ನು ಕಳಿಸಿ ಆ ಬದಿಯ ಫೋಟೋ ತೆಗೆಸಿದ್ದಾರೆ.

"ಮೊಲ ಇದೆಯಾ ಅಲ್ಲಿ?"

"ಮೊಲ ಎನ್ನುವುದು ಈ ಬದಿಯ ಕಲೆ. ಆ ಬದಿಯಲ್ಲಿ ಬರೀ ಗುಣಿ, ಧೂಳು. ಯಾರೂ ಇಲ್ಲ."

ಗುಬ್ಬಿ ನನ್ನನ್ನು ಕನಿಕರದಿಂದ ನೋಡಿತು.

"ಅತ್ತೆಗೆ ಗೊತ್ತೇ ಇಲ್ಲ. ಹಿಂದೆ ಅಮ್ಮ ಇರ್ತಾಳೆ."

ನಾನು ತಿದ್ದಲಿಲ್ಲ. ಅದು ಬೆಳೆದದ್ದು ಯಾವ ಚಂದ್ರನ ಕೆಳಗೋ, ಆ ಚಂದ್ರನ ಮಟ್ಟಿಗೆ ಅದರ ಮಾತು ಸರಿಯಾಗಿಯೇ ಇತ್ತು.

ಈಗ ಆ ರಾತ್ರಿ.

ಗುಬ್ಬಿ ನಮ್ಮ ಮನೆಯಲ್ಲಿ, ನನ್ನ ಪಕ್ಕದಲ್ಲಿ ಮಲಗಿತ್ತು. ಬಾಗಿಲಿನ ಮೇಲಿನ ಚಿಲಕ ಹಾಕಿದವಳು ನಾನು. ಸ್ಟುಡಿಯೋಗೆ ಬೀಗ ಹಾಕಿ ಕೀಲಿ ಜೇಬಿನಲ್ಲಿಟ್ಟುಕೊಂಡು ಹೋದವನು ಅವನು.

ಬಾವಿಯಿಂದ ಸ್ಟುಡಿಯೋವರೆಗೆ ಅವನು ಓಡಲಿಲ್ಲವಂತೆ. ಓಡಿದರೆ ಸದ್ದು ನಿಂತುಹೋದೀತೆಂದು ಹೆಜ್ಜೆ ಒತ್ತದೆ ನಡೆದನಂತೆ. ಬೀಗ ತೆಗೆದ. ಒಳಗೆ ಕತ್ತಲೆ. ಸ್ವಿಚ್ಚಿನ ಮೇಲೆ ಕೈಯಿಟ್ಟ... ಒತ್ತಲಿಲ್ಲ. ಕತ್ತಲೆಯ ಕೋಣೆಯಲ್ಲಿ ಫಿಲಂ ತೊಳೆಯುವವರಿಗೆ ಒಂದು ಭಯ ಕೈಗೇ ಅಂಟಿರುತ್ತದೆ: ಹೊತ್ತಲ್ಲದ ಹೊತ್ತಿನಲ್ಲಿ ದೀಪ ಹಾಕಿದರೆ, ಮೂಡಬೇಕಾದದ್ದು ಅಳಿಸಿಹೋಗುತ್ತದೆ.

ಕಿರ್‍ರ್... ಕಿಟ್.

ಬೀದಿದೀಪದ ಬೆಳಕು ಕಿಟಕಿಯಿಂದ ಬಂದು ಚಂದ್ರನ ಅಂಚಿನ ಮೇಲೆ ಬಿದ್ದಿತ್ತು. ಚಂದ್ರ ಮೆಲ್ಲಗೆ ತೂಗುತ್ತಿದ್ದ. ಹಲಗೆಯ ಬಾಗಿನಲ್ಲಿ, ದೊಡ್ಡವರ ತಲೆಯ ಎತ್ತರದಲ್ಲಿ, ರಾತ್ರಿಯಂಗಿ ತೊಟ್ಟ ಗುಬ್ಬಿ ಕುಳಿತಿತ್ತು.

"ಗುಬ್ಬೀ..."

"ಶ್... ಅಲ್ಲಾಡಬಾರದು ಅಪ್ಪಾ. ಅಮ್ಮ ಹಿಡ್ಕೊಂಡಿದಾಳೆ."

ಅವನು ಪಿಸುಗುಟ್ಟಿದ.

"ಏನೇ... ನೀನಾ?"

ಚಂದ್ರನ ಹಿಂದಿನಿಂದ, ಒಂದೇ ಸಲ...

ಟೊಕ್.

ಅವನಿಗೆ ಭಯವಾಗಲಿಲ್ಲವಂತೆ. ನೆನಪಾದದ್ದು ಒಂದೇ. ಮದುವೆಯಲ್ಲಿ ಹಾಕಿದ್ದ ರೋಲಿನಲ್ಲಿ ಕೊನೆಯದೊಂದು ಮಿಕ್ಕಿತ್ತು.

ಪಕ್ಕಕ್ಕೆ ಹೋಗಿ ಕಪ್ಪು ಪರದೆಯ ಅಂಚನ್ನು ಸರಿಸಿದ. ಕಪ್ಪಿನ ಮುಂದೆ ಕಪ್ಪು. ಕಣ್ಣಿಗೆ ಏನೂ ಕಾಣಲಿಲ್ಲ. ಬಟ್ಟೆ ಉಸಿರಿಗೆ ಒಳಹೋಗಿ ಹೊರಬರುವ ಸದ್ದು ಮಾತ್ರ... ಉಫ್... ಉಫ್... ಫ್ಲಾಶಿನ ಗುಂಡಿ ಒತ್ತಿದ. ಸುಂಯ್ಯ್... ಎಂದು ಅದು ಕರೆಂಟು ತುಂಬಿಕೊಳ್ಳತೊಡಗಿತು.

"ಬಟ್ಟೆ ತೆಗಿಯೇ. ಒಂದೇ ಸಲ. ಮಗು ನಿನ್ನ ಮುಖ ಮರೀತಾ ಇದೆ..."

ಉಸಿರು ನಿಂತಿತು.

"ಹಿಡಿಯೋಕೆ ಒಂದು ಕೈ ಸಾಕಲ್ಲೇ..."

ಬಟ್ಟೆ ಸರಿದ ಸದ್ದು. ಸರ್... ಅಷ್ಟರಲ್ಲಿ ಚಂದ್ರ ಒಂದು ಪಕ್ಕಕ್ಕೆ ವಾಲಿದ.

"ಅಮ್ಮಾ, ಬೀಳ್ತೀನಿ!"

ಚಂದ್ರ ತಟ್ಟನೆ ಸರಿಯಾದ. ಗುಬ್ಬಿ ನಿಟ್ಟುಸಿರು ಬಿಟ್ಟಿತು. ಸುಂಯ್ ಎನ್ನುವುದು ನಿಂತಿತು, ಫ್ಲಾಶು ತುಂಬಿತ್ತು. ಅವನು ಗುಂಡಿ ಒತ್ತಿದ.

ಖಟಕ್.

ಅವನ ಕ್ಯಾಮೆರಾದೊಳಗೆ ಒಂದು ಕನ್ನಡಿಯಿತ್ತು. ಗುಂಡಿ ಒತ್ತಿದ ಗಳಿಗೆಗೆ ಅದು ಮೇಲಕ್ಕೆ ಏಳುತ್ತಿತ್ತು. ತೆಗೆಯುವವನ ಕಣ್ಣಿಗೆ ಕತ್ತಲೆ ಕವಿಯುತ್ತಿತ್ತು. ಫಿಲಂ ನೋಡುವ ಆ ಗಳಿಗೆಯನ್ನು ಫೋಟೋ ತೆಗೆಯುವವನು ಮಾತ್ರ ನೋಡಲಾರ.

ಒಡನೆಯೇ ಕಿರ್‍ರ್ ಎಂದು ರಾಟೆ ಒಂದೇ ಸಮನೆ ಕಿರುಚಿತು. ಹಿಡಿದ ಕೈಗಳು ಇಲ್ಲವಾಗಿದ್ದವು. ಅವನು ಹಲಗೆಯ ಕೆಳಗೆ ನುಗ್ಗಿ, ಜಾರಿ ಬರುತ್ತಿದ್ದ ಮಗುವನ್ನು ಎದೆಗೆ ಹಿಡಿದುಕೊಂಡ. ಆಮೇಲೆ ದೀಪ ಹಾಕಿದ. ಹಿಂದೆ ಯಾರೂ ಇರಲಿಲ್ಲ. ಕಪ್ಪು ಬಟ್ಟೆ ಮೊಳೆಯಲ್ಲಿ ತೂಗುತ್ತಿತ್ತು. ಮಡಿಕೆಗಳಲ್ಲಿ ಒಂದು ವರ್ಷದ ಧೂಳು ಕದಡದೆ ಕುಳಿತಿತ್ತು.

ಅವನು ನಮ್ಮ ಬಾಗಿಲು ತಟ್ಟಿದಾಗ ಚಿಲಕ ತೆಗೆದವಳು ನಾನೇ. ಹಾಕಿದ್ದ ಹಾಗೆಯೇ ಇತ್ತು. ಅವನ ತೋಳಿನಲ್ಲಿ ಗುಬ್ಬಿ ನಿದ್ದೆ ಮಾಡುತ್ತಿತ್ತು. ನಾನು ತಿರುಗಿ ನೋಡಿದೆ. ನನ್ನ ಪಕ್ಕದ ಹಾಸಿಗೆ ಬರಿದಾಗಿತ್ತು, ಇನ್ನೂ ಬೆಚ್ಚಗಿತ್ತು.

ಅವನು ಎಲ್ಲವನ್ನೂ ಹೇಳಿದ. ಕೊನೆಗೆ ಗೋಡೆಗೆ ತಲೆ ಆನಿಸಿಕೊಂಡು ಅಂದ:

"ಮಗೂನ ನಾನೇ ಹಿಡ್ಕೋಬಹುದಿತ್ತು ಅಕ್ಕಾ. ಅವಳ ಕೈ ಬಿಡುವಾಗ್ತಿತ್ತು... ಆದ್ರೆ ನಾನು ಹಿಡ್ಕೊಂಡ್ರೆ ಫೋಟೋ ತೆಗೆಯೋರು ಯಾರು?"

ನಾನು ಗುಬ್ಬಿಯನ್ನು ಅವನ ತೋಳಿನಿಂದ ಎತ್ತಿಕೊಂಡು ಹಾಸಿಗೆಯಲ್ಲಿ ಮಲಗಿಸಿದೆ.

ಬೆಳಗಾಗುವ ಮೊದಲೇ ಫಿಲಂ ತೊಳೆದು, ಆ ಒಂದನ್ನು ಕಾಗದಕ್ಕೆ ಇಳಿಸಿ, ಒದ್ದೆಯಾಗಿದ್ದಾಗಲೇ ತಂದು ನನ್ನ ಮುಂದೆ ಹಿಡಿದ. ಚಂದ್ರನ ಹಿಂಬದಿ: ಬಣ್ಣವಿಲ್ಲದ ಹಲಗೆ, ಅಡ್ಡಪಟ್ಟಿ, ಮೊಳೆಗಳು. ಅದರ ಪಕ್ಕದಲ್ಲಿ, ಕಪ್ಪು ಬಟ್ಟೆಯೊಳಗೆ, ಒಬ್ಬಳು ನಿಂತಿದ್ದಾಳೆ. ಎರಡು ಕೈಗಳೂ ಸೀಳಿನೊಳಗೆ ಹೋಗಿವೆ. ಬಟ್ಟೆ ಒಂದು ಕಿವಿಯ ಹತ್ತಿರ ಸ್ವಲ್ಪ ಜರುಗಿದೆ. ಮುಖ ಮುಚ್ಚಿಯೇ ಇದೆ.

ತೋರಿಸಬೇಕಾದರೆ ಒಂದು ಕೈ ಬಿಡಬೇಕಿತ್ತು. ಬಿಟ್ಟು ನೋಡಿದಳು. ಮಗು ವಾಲಿತು.

ಎದ್ದ ಮೇಲೆ ಗುಬ್ಬಿ ಅದನ್ನು ಎರಡೂ ಕೈಗಳಲ್ಲಿ ಹಿಡಿದು ಬಹಳ ಹೊತ್ತು ನೋಡಿತು.

"ಮುಖ ಎಲ್ಲಿ?"

ಅವನು ಕಿಟಕಿಯ ಕಡೆ ತಿರುಗಿ ನಿಂತ. ಗುಬ್ಬಿ ಫೋಟೋವನ್ನು ತೆಗೆದುಕೊಂಡು ಹೋಗಿ ದಿಂಬಿನ ಕೆಳಗೆ, ಆ ಮದುಮಗಳ ಫೋಟೋದ ಜೊತೆಗೆ ಇಟ್ಟುಕೊಂಡಿತು. ಯಾವುದನ್ನೂ ಹಿಂದಕ್ಕೆ ಕೊಡಲಿಲ್ಲ. ಮುಖಕ್ಕೆಂದು ಒಂದು, ಕೈಗೆಂದು ಒಂದು.

ಕಾಕತಾಳೀಯ ಎಂದವರಿದ್ದಾರೆ, ಮಗು ನಿದ್ದೆಯಲ್ಲಿ ನಡೆದಿರಬೇಕು ಎಂದವರಿದ್ದಾರೆ, ಹೆಂಡತಿ ಸತ್ತವನ ಭ್ರಮೆ ಎಂದವರೂ ಇದ್ದಾರೆ. ಭ್ರಮೆ ಕಾಗದದ ಮೇಲೆ ಇಳಿಯುವುದಿಲ್ಲ. ಆ ಫೋಟೋವನ್ನು ನಾನು ಭೂತಗನ್ನಡಿ ಹಿಡಿದು ನೋಡಿದ್ದೇನೆ. ದೆವ್ವಗಳ ಪಾದ ಹಿಂದುಮುಂದಾಗಿ ಇರುತ್ತವೆ ಎನ್ನುತ್ತಾರೆ. ಬಟ್ಟೆಯ ಅಂಚಿನ ಕೆಳಗೆ ಕಾಣುವ ಆ ಎರಡು ಪಾದಗಳು ನೆಟ್ಟಗೆ ಚಂದ್ರನ ಕಡೆಗೇ ಇವೆ. ಹಿಮ್ಮಡಿಗಳು ಮಾತ್ರ ನೆಲ ಬಿಟ್ಟಿವೆ. ಬರೀ ಬೆರಳುಗಳ ಮೇಲೆ, ಮಗುವಿಗೆ ಕೈ ಎಟುಕಿಸಿಕೊಂಡು ನಿಂತಿದ್ದಾಳೆ.

ಇದು ನಡೆದದ್ದು.