ನಿತ್ಯಪುಷ್ಪದ ಕಷಾಯ

ಆಸ್ಪತ್ರೆಯಲ್ಲಿ ನನ್ನ ಪಕ್ಕದ ಬೆಂಚಿನಲ್ಲಿ ಯಾರೋ ಅತ್ತಿಗೆ, ನಾದಿನಿ ಕೂತಿದ್ದರು. ರಕ್ತದಲ್ಲಿ ಬಿಳಿಕಣ ತೀರಾ ಇಳಿದಿದೆಯೆಂದು ಒಳಗಿದ್ದ ಅವರ ರೋಗಿಗೆ ಅವತ್ತಿನ ಕೀಮೋ ನಿಲ್ಲಿಸಿದ್ದರು.

“ಅತ್ತಿಗೆ, ಅಣ್ಣನಿಗೆ ನಾನು ಕಷಾಯ ಕೊಡ್ತಿದ್ದೆ.”

“ಯಾವುದರದ್ದು?”

“ನಿತ್ಯಪುಷ್ಪದ ಎಲೇದು. ಡ್ರಿಪ್ಪಿನ ಔಷಧಿ ಆ ಗಿಡದಿಂದಲೇ ತೆಗೀತಾರೆ ಅಂತ ನರ್ಸಮ್ಮ ಹೇಳಿದ್ರಲ್ಲ. ಇಲ್ಲಿ ತೊಟ್ಟು ತೊಟ್ಟು ಕೊಡ್ತಾರೆ, ನಮ್ಮ ಹಿತ್ತಲಲ್ಲಿ ದೇವರು ಬೇಕಾದಷ್ಟು ಕೊಟ್ಟಿದ್ದಾನೆ ಅಂದ್ಕೊಂಡೆ.”

“ಅವರು ಅಳೆದು ಕೊಡ್ತಾರೆ ಕಣೇ. ನೀನು ಹಿಡಿಗಟ್ಟಲೆ ಕುದಿಸಿದೆ.”

“ಕಾಫಿಗೆ ಸಕ್ಕರೆ ಸಾಲದು ಅಂತ ಗೊಣಗೋ ಅಣ್ಣ, ಅದನ್ನ ತುಟಿಪಿಟಕ್ಕೆನ್ನದೆ ಕುಡಿದ. ಅಲ್ಲಾ, ಹಿಡಿಗಟ್ಟಲೆ ಅಂತ ನಿಮಗೆ ಹೇಗೆ ಗೊತ್ತು?”

ಅತ್ತಿಗೆ ಬೆರಳಿನ ಉಂಗುರ ತಿರುವಿದರು.

“ಸೋಸಿದ ಚರಟ ದಿನಾ ಚೆಲ್ತಿದ್ದವಳು ನಾನೇ ತಾನೇ.”

“ಮತ್ತೆ ಯಾಕೆ ಬೈಲಿಲ್ಲ?”

“ವಾಸಿಯಾದ್ರೆ ಆಗ್ಲಿ ಅಂತ. ಹೆಚ್ಚುಕಮ್ಮಿಯಾದ್ರೆ ತಪ್ಪು ನಿನ್ನ ತಲೆಗಿರಲಿ ಅಂತ.”



ಡಾಕ್ಟರು ಬಾಗಿಲು ತೆರೆದು, ಮನೆಯಲ್ಲಿ ಬೇರೆ ಔಷಧಿ ಏನಾದರೂ ಕೊಟ್ಟಿರಾ ಎಂದು ಕೇಳಿದರು. ನಾದಿನಿ ಬಾಯಿ ತೆರೆಯುವ ಮೊದಲೇ ಅತ್ತಿಗೆ ಎದ್ದರು.

“ಕೊಟ್ವಿ ಡಾಕ್ಟ್ರೆ. ಇಬ್ಬರೂ ಸೇರಿ ಕೊಟ್ವಿ.”

ನಾದಿನಿಯ ಕೈ ಹಿಡಿದುಕೊಂಡೇ ಒಳಗೆ ಹೋದರು.